ಊರಿನ ಎಲೆ ಊರಿನಲ್ಲೇ ಮಣ್ಣಾಗಲಿ

ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ನಮ್ಮ ಕನ್ನಡ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿಯನ್ನು ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬಹುದು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲೇ ಬರೆದಿರುತ್ತಾರೆ. ನಾನು ಆರಿಸಿಕೊಂಡಿರುವುದು ಮರದಿಂದ ಉದುರುವ ಎಲೆಯ ವಿಷಯ. ಹೊಸೂರಿನ ಬೀದಿ, ಉದ್ಯಾನ, ಶಾಲೆ, ದೇವಸ್ಥಾನ, ಕಾರ್ಖಾನೆಗಳ ಆವರಣಗಳಲ್ಲಿ ವರ್ಷವೆಲ್ಲ ಉದುರುವ ಎಲೆ, ಕತ್ತರಿಸಿದ ಹುಲ್ಲು, ಸವರಿದ ರೆಂಬೆಗಳನ್ನು ಏನು ಮಾಡಬೇಕು, ಎಲ್ಲಿ ಮಾಡಬೇಕು ಎಂಬ ಪ್ರಶ್ನೆ ನೋಡುವುದಕ್ಕೆ ಚಿಕ್ಕದು. ಆದರೆ ಒಂದು ಊರು ತನ್ನ ನೆರೆಹೊರೆಯ ಹಳ್ಳಿಗಳೊಡನೆ ಹೇಗೆ ಬಾಳಬೇಕೆಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ.

ಸ್ಥಳೀಯ ಸಂಸ್ಥೆಗಳ ಕೆಲಸವೆಂದರೆ ಚರಂಡಿ, ಕಸ, ಬೀದಿದೀಪ ಎಂದು ಹಗುರವಾಗಿ ಮಾತನಾಡುವವರುಂಟು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಭಾರತದ ಗವರ್ನರ್ ಜನರಲ್ ಆಗುವುದಕ್ಕೆ ಬಹಳ ಮೊದಲು, 1917ರಿಂದ 1919ರವರೆಗೆ, ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು ಎಂಬುದನ್ನು ನಾನು ಮಕ್ಕಳಿಗೆ ಮರೆಯದೆ ಹೇಳುತ್ತಿದ್ದೆ. ಊರನ್ನು ಗುಡಿಸಿಡುವ ಕೆಲಸ ಅಂಥವರಿಗೂ ಕೀಳಾಗಿ ಕಾಣಲಿಲ್ಲ.

ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಸುತ್ತಲ ಮತ್ತಿಗಿರಿ, ಜೂಜುವಾಡಿ, ಮೂಕಂಡಪಳ್ಳಿ ಮೊದಲಾದ ಊರುಗಳನ್ನು ಸೇರಿಸಿಕೊಂಡು ನೋಡಿದರೆ 2011ರ ಜನಗಣತಿಯಲ್ಲೇ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷವಿತ್ತು. ಸಿಪ್ಕಾಟ್ ಕೈಗಾರಿಕಾ ಪ್ರದೇಶ, ಹೊಸ ಬಡಾವಣೆಗಳು, ಬೆಂಗಳೂರಿಗೆ ದಿನವೂ ಹೋಗಿಬರುವ ಕುಟುಂಬಗಳು ಇವೆಲ್ಲ ಸೇರಿ ಊರು ಇನ್ನೂ ಬೆಳೆಯುತ್ತಿದೆ. ಇಷ್ಟು ದೊಡ್ಡ ಊರಿಗೆ ಎಲೆಗೊಬ್ಬರದ ಅಂಗಳಗಳು ಬೇಕು. ಅವು ಊರೊಳಗೇ ಇರಬೇಕು. ಒಂದೇ ದೊಡ್ಡದರ ಬದಲು ಹಲವು ಚಿಕ್ಕವಾಗಿರಬೇಕು. ಅಲ್ಲಿ ಎಲೆಯ ಹೊರತು ಬೇರೇನೂ ಬರಕೂಡದು. ಇದು ನನ್ನ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ವಾಚಕರ ಮುಂದೆ ಇಡುತ್ತೇನೆ.

ತಿಪ್ಪೆಗೆ ಇದ್ದ ಗೌರವ

ನಮ್ಮ ಹಿರಿಯರಿಗೆ ಕಸ ಎಂಬ ಮಾತಿನ ಇಂದಿನ ಅರ್ಥ ಗೊತ್ತಿರಲಿಲ್ಲ. ಹಿತ್ತಲಿನ ಎಲೆ, ಕೊಟ್ಟಿಗೆಯ ಗಂಜಲ, ಒಲೆಯ ಬೂದಿ ಎಲ್ಲವೂ ತಿಪ್ಪೆಗೆ ಹೋಗುತ್ತಿದ್ದವು. ಮುಂಗಾರಿಗೆ ಮೊದಲು ಗಾಡಿಯೇರಿ ರಾಗಿಯ ಹೊಲ ಸೇರುತ್ತಿದ್ದವು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪವಿಡುವ ಪದ್ಧತಿ ನಮ್ಮಲ್ಲಿದೆ. ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂದು ಮಕ್ಕಳಿಗೆ ಹೆಸರಿಟ್ಟ ಜನ ನಾವು.

ಭಾಷೆಯ ಮೇಷ್ಟರಾದ ನನಗೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ಈ ಸೀಮೆಯಲ್ಲಿ ಒಂದೇ ಮಾತು ಮೂರು ಬಾಗಿಲುಗಳಲ್ಲಿ ನಿಂತಿದೆ. ಕನ್ನಡದ ಕುಪ್ಪೆ ಎಂದರೆ ರಾಶಿ, ಗೊಬ್ಬರದ ಗುಡ್ಡೆ. ತೆಲುಗಿನ ಕುಪ್ಪ ಎಂದರೆ ಕೊಯ್ದ ಪೈರಿನ ಬಣವೆಯೂ ಹೌದು. ತಮಿಳಿನಲ್ಲಿ ಕುಪ್ಪೈ ಎಂದರೆ ಇಂದು ಬರೀ ಕಸ. ರಾಶಿ, ಗೊಬ್ಬರ, ಕಸ ಎಂಬ ಮೂರು ಅರ್ಥಗಳೂ ಒಂದೇ ಬೇರಿನಿಂದ ಬಂದವು. ಒಂದು ಗುಡ್ಡೆ ಈ ಮೂರರಲ್ಲಿ ಯಾವುದಾಗುತ್ತದೆ ಎಂಬುದು ಅದನ್ನು ನಾವು ನೋಡಿಕೊಳ್ಳುವ ರೀತಿಯನ್ನು ಅವಲಂಬಿಸಿದೆ.

ಈ ವಿದ್ಯೆ ಹೊರಗಿನಿಂದ ಬಂದದ್ದೂ ಅಲ್ಲ. ಆಲ್ಬರ್ಟ್ ಹೊವಾರ್ಡ್ ಅವರು ವೈ. ಡಿ. ವಾಡ್ ಅವರೊಡನೆ ಇಂದೋರಿನಲ್ಲಿ 1924ರಿಂದ 1931ರವರೆಗೆ ನಡೆಸಿದ ಪ್ರಯೋಗಗಳಿಂದ, ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವ ಇಂದೋರ್ ವಿಧಾನ ಹುಟ್ಟಿತು. ನಮ್ಮಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು ಬೆಂಗಳೂರು ವಿಧಾನ. ಸುಮಾರು ಒಂದು ಮೀಟರ್ ಆಳದ ಕಾಲುವೆಯಲ್ಲಿ ಕಸವನ್ನೂ ಮಲ ಅಥವಾ ಸೆಗಣಿಯನ್ನೂ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ನಾಲ್ಕರಿಂದ ಆರು ತಿಂಗಳು ಬಿಡುವ ಕ್ರಮ ಅದು. ಗೊಬ್ಬರದ ಶಾಸ್ತ್ರವನ್ನು ಓದುವವರು ಇಂದಿಗೂ ಈ ಎರಡು ಹೆಸರುಗಳನ್ನು ಓದುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ, ನಾವು ಮಾತ್ರ ಇವನ್ನು ಮರೆತು ಎಲೆಗೆ ಬೆಂಕಿ ಇಡುತ್ತೇವೆ.

ಬೆಂಕಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ ನಗರಗಳ ಘನತ್ಯಾಜ್ಯಕ್ಕೆ 2000ದಲ್ಲಿ ಮೊದಲ ನಿಯಮಗಳು ಬಂದವು. ಅದೇ ಮೊಕದ್ದಮೆಯ ಮುಂದುವರಿಕೆಯಲ್ಲಿ 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಉದ್ಯಾನದ ಎಲೆಯನ್ನು ಬೇರೆಯಾಗಿ ಸಂಗ್ರಹಿಸಿ, ಸಾಧ್ಯವಾದಮಟ್ಟಿಗೆ ಉದ್ಯಾನಗಳಲ್ಲೇ ಸಂಸ್ಕರಿಸಬೇಕೆಂದು 2016ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಹಾಗಿದ್ದರೂ ಚಳಿಗಾಲದ ಬೆಳಗ್ಗೆ ಪೊರಕೆ ಹಿಡಿದ ಕೈಯೇ ಬೆಂಕಿಪೊಟ್ಟಣವನ್ನೂ ಹಿಡಿಯುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಗುಡಿಸಿದ ಎಲೆಯನ್ನು ಒಯ್ಯಲು ಒಂದು ಜಾಗವನ್ನು ತೋರಿಸದೆ, ಸುಡಬೇಡ ಎಂದು ಹೇಳುವುದು ಬರೀ ತಿಪ್ಪೆ ಸಾರಿಸುವ ಮಾತಾಗುತ್ತದೆ.

ಹೊಸೂರು ರಸ್ತೆ ಕಲಿಸುವ ಪಾಠ

ಜಾಗವನ್ನು ಎಲ್ಲಿ ಹುಡುಕಬೇಕು? ಊರಾಚೆ, ಯಾರ ಕಣ್ಣಿಗೂ ಬೀಳದ ಕಡೆ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿರುತ್ತದೆ. ಆ ಉತ್ತರವನ್ನು ನಂಬಿದ ಊರುಗಳ ಕಥೆಯನ್ನು ಮೊದಲು ನೋಡೋಣ.

ಬೆಂಗಳೂರಿನಲ್ಲಿ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದು ನಮ್ಮ ಶಾಲೆಯ ಓರಗೆಯದು. ಹೊಸೂರು ರಸ್ತೆಯ ಪಕ್ಕದ ಹರಳುಕುಂಟೆ, ಸೋಮಸುಂದರಪಾಳ್ಯದ ಬಳಿಯ ಅದರ ಘಟಕ ಆ ಕಾಲಕ್ಕೆ ಊರ ಹೊರಗಿತ್ತು. ಉದ್ದೇಶ ಒಳ್ಳೆಯದೇ, ಪೇಟೆಯ ಕಸವನ್ನು ರೈತನಿಗೆ ಗೊಬ್ಬರವಾಗಿ ಕೊಡುವುದು. ಮುಂದಿನ ದಶಕಗಳಲ್ಲಿ ಎಚ್.ಎಸ್.ಆರ್. ಬಡಾವಣೆಯೂ ಸುತ್ತಲ ಬಡಾವಣೆಗಳೂ ಬೆಳೆದು ಘಟಕದ ಗೋಡೆಯ ಬಳಿಗೇ ಮನೆಗಳು ಬಂದವು. ನಗರದ ಬೆರಕೆ ಕಸವೂ ಅಲ್ಲಿಗೆ ಬಂದಿತು. ದುರ್ನಾತವನ್ನು ತಾಳಲಾರದೆ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. ಊರ ಹೊರಗು ಎಂಬುದು ಒಂದು ತಲೆಮಾರಿನ ಮಾತು ಮಾತ್ರ ಎಂಬುದು ಇಲ್ಲಿಯ ಪಾಠ. ಅದೇ ಎಚ್.ಎಸ್.ಆರ್. ಬಡಾವಣೆಯ ಒಳಗೆ ಮನೆಗಳ ನಡುವೆಯೇ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಎಂಬ ಉದ್ಯಾನವಿದ್ದು, ಎಲೆಯನ್ನೂ ಅಡುಗೆಮನೆಯ ಸಿಪ್ಪೆಯನ್ನೂ ಗೊಬ್ಬರ ಮಾಡುವ ಬಗೆಬಗೆಯ ವಿಧಾನಗಳನ್ನು ಅಲ್ಲಿ ಜನರಿಗೆ ತೋರಿಸಿಕೊಡುತ್ತಾರೆ. ಒಂದೇ ಬಡಾವಣೆಯ ಜನ ಒಂದು ಗೊಬ್ಬರದ ವಿರುದ್ಧ ಹೋರಾಡಿದರು, ಇನ್ನೊಂದು ಗೊಬ್ಬರವನ್ನು ನೆರೆಯಲ್ಲೇ ಇಟ್ಟುಕೊಂಡರು. ಗಾತ್ರವೂ ಬೆರಕೆಯೂ ಈ ವ್ಯತ್ಯಾಸಕ್ಕೆ ಕಾರಣ.

ಇನ್ನು ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರ. ನಗರದ ಕಸದ ಬೆಟ್ಟವನ್ನು ಹೊತ್ತ ಆ ಹಳ್ಳಿಯ ಜನರ ಪ್ರತಿಭಟನೆಯ ನಂತರ 2012ರಲ್ಲಿ ಅಲ್ಲಿಯ ಭರ್ತಿ ನಿಂತಿತು. ಮಹಾನಗರದ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಲಾರಿಗಳು ಪೂರ್ವದ ಮಂಡೂರಿನ ಕಡೆ ತಿರುಗಿದವು. ಅಲ್ಲಿಯೂ 2014ರಲ್ಲಿ ಜನ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅದನ್ನೂ ನಿಲ್ಲಿಸಬೇಕಾಯಿತು.

ಕೇರಳದ ಆಲಪ್ಪುಳದ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. ನಗರದ ಕಸ ಹೋಗುತ್ತಿದ್ದ ಸರ್ವೋದಯಪುರಂನ ಜನ 2012ರಲ್ಲಿ ಲಾರಿಗಳನ್ನು ತಡೆದರು. ಆ ಊರಿನವರು ಇನ್ನೊಂದು ಹಳ್ಳಿಯನ್ನು ಹುಡುಕುವ ಬದಲು ಬಡಾವಣೆಗಳಲ್ಲೇ ಗಾಳಿಯಾಡುವ ತೊಟ್ಟಿಗಳನ್ನು ಕಟ್ಟಿದರು. ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ತುಂಬೂರ್ಮುಳಿಯಲ್ಲಿ ರೂಪಿಸಿದ ಈ ತೊಟ್ಟಿಯಲ್ಲಿ ಹಸಿ ಸೆಗಣಿ, ಒಣ ಎಲೆ, ಹಸಿ ಕಸ ಪದರಪದರವಾಗಿ ಕೂತು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅಲ್ಲಿ ಒಣ ಎಲೆ ಬೇಡದ ಪದಾರ್ಥವಾಗಿರದೆ, ವಾಸನೆಯನ್ನು ಹೀರುವ ಅವಶ್ಯ ವಸ್ತುವಾಯಿತು. ಈ ಊರಿನ ಸಾಧನೆಯನ್ನು 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವೂ ಮೆಚ್ಚಿ ಹೇಳಿತು.

ಈ ಉದಾಹರಣೆಗಳನ್ನು ಹೊಸೂರಿನವರಾದ ನಾವು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬೇಕು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ದಕ್ಷಿಣ ಪಿನಾಕಿನಿಯನ್ನು ಸೇರಿ ನಮ್ಮ ಕೆಲವರಪಳ್ಳಿ ಜಲಾಶಯಕ್ಕೆ ಇಳಿದು, ಮದಗಿನ ಬಳಿ ಬಿಳಿಯ ನೊರೆಯಾಗಿ ಹಾರುವುದನ್ನು ಕಂಡವರು ನಾವು. ಮೇಲಿನ ಊರು ತನ್ನ ಹೊಲಸನ್ನು ಕೆಳಗಿನ ಊರಿಗೆ ತಳ್ಳಿದರೆ ಆಗುವ ಸಂಕಟ ನಮಗೆ ಗೊತ್ತು. ಅದನ್ನೇ ನಾವು ಬಾಗಲೂರಿನ ದಾರಿಯಲ್ಲೋ ತಳಿಯ ದಾರಿಯಲ್ಲೋ ಇರುವ ಒಂದು ಹಳ್ಳಿಗೆ ಮಾಡಿದರೆ, ಬೆಂಗಳೂರನ್ನು ದೂರುವ ಬಾಯಿ ನಮಗೆಲ್ಲಿ ಉಳಿಯುತ್ತದೆ?

ಲೆಕ್ಕ ಮೊದಲು, ಜಾಗ ಆಮೇಲೆ

ಯೋಜನೆ ಎಂದೊಡನೆ ನಕ್ಷೆ, ಶಂಕುಸ್ಥಾಪನೆ, ನಾಮಫಲಕ ಇವೇ ಮೊದಲು ನೆನಪಾಗುತ್ತವೆ. ಎಲೆಗೊಬ್ಬರದ ಯೋಜನೆ ತಕ್ಕಡಿಯಿಂದ ಆರಂಭವಾಗಬೇಕು. ಒಂದೊಂದು ವಾರ್ಡಿನಲ್ಲಿ ಎಷ್ಟು ಎಲೆ, ಎಷ್ಟು ಹುಲ್ಲು, ಎಷ್ಟು ರೆಂಬೆ ಬರುತ್ತದೆಂಬುದನ್ನು ಒಂದು ವರ್ಷ ತೂಗಿ ಬರೆದಿಡಬೇಕು. ಪೂರ್ತಿ ವರ್ಷ ಏಕೆಂದರೆ, ನಮ್ಮ ಸೀಮೆಯಲ್ಲಿ ಹೊಂಗೆ ಮೊದಲಾದ ಅನೇಕ ಮರಗಳ ಎಲೆ ಉದುರುವುದು ಪುಷ್ಯದಿಂದ ಫಾಲ್ಗುಣದವರೆಗೆ. ಹುಲ್ಲು, ಕಳೆ ಬೆಳೆಯುವುದು ಮಳೆಗಾಲದಲ್ಲಿ. ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವು ರಾಶಿ ಬೀಳುವುದು ಆಯುಧಪೂಜೆಯ ಮರುದಿನ. ವರ್ಷದ ಸರಾಸರಿಯನ್ನು ನೆಚ್ಚಿ ಕಟ್ಟಿದ ಅಂಗಳ ಮಾಘ ಮಾಸದಲ್ಲಿ ತುಂಬಿ ಬೀದಿಗೆ ಚೆಲ್ಲುತ್ತದೆ. ಚೆಲ್ಲಿದ ಎಲೆಗೆ ಮತ್ತೆ ಬೆಂಕಿ ಬೀಳುತ್ತದೆ.

ಗಣಿತದ ಪಾಠ ಮಾಡಿದ ಅಭ್ಯಾಸಬಲದಿಂದ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ಒಂದು ಅಂಗಳಕ್ಕೆ ದಿನಕ್ಕೆ ಒಂದು ಟನ್ ಎಲೆ ಬರುವುದೆಂದು ಇಟ್ಟುಕೊಳ್ಳೋಣ. ಸಡಿಲವಾದ ಒಣ ಎಲೆಯಲ್ಲಿ ಮುಕ್ಕಾಲು ಪಾಲು ಬರೀ ಗಾಳಿ. ಕತ್ತರಿಸುವ ಯಂತ್ರಕ್ಕೆ ಕೊಟ್ಟು ನೀರು ಚಿಮುಕಿಸಿದರೆ ಅದೇ ಒಂದು ಟನ್ ಸುಮಾರು ನಾಲ್ಕೂವರೆ ಘನ ಮೀಟರಿಗೆ ಇಳಿಯುತ್ತದೆ. ಗೊಬ್ಬರವಾಗಲು 90 ದಿನ ಬೇಕೆಂದರೆ 405 ಘನ ಮೀಟರ್. ಕೊಳೆಯುತ್ತಾ ರಾಶಿ ಕುಗ್ಗುವುದರಿಂದ ಯಾವುದೇ ದಿನ ಅಂಗಳದಲ್ಲಿರುವುದು ಸುಮಾರು 300 ಘನ ಮೀಟರ್. ತಳದಲ್ಲಿ ಎರಡೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಉದ್ದನೆಯ ದಿಣ್ಣೆಯಲ್ಲಿ ಒಂದು ಮೀಟರ್ ಉದ್ದಕ್ಕೆ ಎರಡೂವರೆ ಘನ ಮೀಟರ್ ಹಿಡಿಯುತ್ತದೆ. ಅಂದರೆ 120 ಮೀಟರ್ ಉದ್ದ. 30 ಮೀಟರಿನ ನಾಲ್ಕು ದಿಣ್ಣೆಗಳು. ಮಗುಚಲು ಪ್ರತಿ ದಿಣ್ಣೆಯ ಪಕ್ಕದಲ್ಲೂ ಮೂರು ಮೀಟರ್ ದಾರಿ ಬಿಟ್ಟರೆ 660 ಚದರ ಮೀಟರ್ ಆಯಿತು. ಎಲೆ ಇಳಿಸಲು, ಕತ್ತರಿಸಲು, ಮಾಗಿಸಲು, ಜರಡಿ ಹಿಡಿಯಲು, ಸುತ್ತ ಮರ ಬೆಳೆಸಲು ಇದರ ಎರಡರಷ್ಟು ಸೇರಿಸಿದರೂ ಒಟ್ಟು ಅರ್ಧ ಎಕರೆಯ ಒಳಗೇ ಮುಗಿಯುತ್ತದೆ.

ಅರ್ಧ ಎಕರೆ ಎಂದರೆ ಒಂದು ಸಾಧಾರಣ ಶಾಲೆಯ ಆಟದ ಬಯಲು. ಇಷ್ಟು ಜಾಗ ಊರೊಳಗೆ ಸಿಕ್ಕದು ಎನ್ನುವವರು ಉದ್ಯಾನಗಳ ಮೂಲೆ, ನೀರಿನ ತೊಟ್ಟಿಗಳ ಆವರಣ, ಸರ್ಕಾರಿ ಕಚೇರಿಗಳ ಹಿಂಬದಿಯ ಖಾಲಿ ನೆಲವನ್ನು ಒಮ್ಮೆ ನೋಡಿಬರಬೇಕು. ದಿನಕ್ಕೆ 5 ಟನ್ ಮೀರಿದ ಘಟಕಗಳ ಸುತ್ತ ಕಟ್ಟಡವಿಲ್ಲದ ವಲಯವನ್ನು ಬಿಡಬೇಕೆಂದು 2016ರ ನಿಯಮಗಳು ಹೇಳಿದ್ದವು. ದೊಡ್ಡದನ್ನು ಕಟ್ಟಿದರೆ ಅಷ್ಟು ಬಯಲು ಊರೊಳಗೆ ಸಿಕ್ಕುವುದಿಲ್ಲ; ತಾನಾಗಿ ಹಳ್ಳಿಯ ಕಡೆ ಮುಖ ಮಾಡಬೇಕಾಗುತ್ತದೆ. ಚಿಕ್ಕದಾಗಿದ್ದರೆ ಊರೊಳಗೇ ಇರಬಹುದು. ಲಾರಿಯಲ್ಲಿ ಗಾಳಿಯನ್ನು ತುಂಬಿಕೊಂಡು ಇಪ್ಪತ್ತು ಕಿಲೋಮೀಟರ್ ಓಡಿಸುವ ಡೀಸೆಲ್ಲೂ ಉಳಿಯುತ್ತದೆ.

ಅಂಗಳ ಹೇಗಿರಬೇಕು

ಕೆರೆಯಿಂದಲೂ ಬಾವಿಯಿಂದಲೂ ದೂರವಿರಬೇಕು. ಕಸ ಹೂಳುವ ಭರ್ತಿಜಾಗಕ್ಕೆ ನದಿಯಿಂದ 100 ಮೀಟರ್, ಕೆರೆಕುಂಟೆ, ಮನೆ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ಅಂತರವನ್ನು 2016ರ ನಿಯಮಗಳು ವಿಧಿಸಿದ್ದವು. ಎಲೆಯ ಅಂಗಳ ಭರ್ತಿಜಾಗವಲ್ಲ. ಅದು ಅಷ್ಟು ಕೇಡು ಮಾಡುವುದೂ ಇಲ್ಲ. ಆದರೂ ನೆನೆದ ಎಲೆಯ ರಾಶಿಯಿಂದ ಚಹಾದ ಬಣ್ಣದ ಕಷಾಯ ಇಳಿಯುತ್ತದೆ. ಅದು ರಾಮನಾಯಕನ ಕೆರೆಯಂಥ ನೀರಿಗೆ ಸೇರಿದರೆ ನೀರಿನ ಪ್ರಾಣವಾಯುವನ್ನು ತಿಂದು ಮೀನನ್ನು ಕೊಲ್ಲುತ್ತದೆ. ಆದ್ದರಿಂದ ನೆಲವನ್ನು ಗಟ್ಟಿ ಮಾಡಿ, ನೂರು ಅಡಿಗೆ ಎರಡು ಅಡಿಯಂತೆ ಇಳಿಜಾರು ಕೊಟ್ಟು, ಕಷಾಯವನ್ನು ಒಂದು ಗುಂಡಿಗೆ ಹರಿಸಿ ಅದನ್ನೇ ಮತ್ತೆ ರಾಶಿಗೆ ಚಿಮುಕಿಸಬೇಕು. ಹೊರಗಿನ ಮಳೆನೀರು ಒಳಗೆ ಬಾರದಂತೆ ಸುತ್ತ ಒಂದು ಕಾಲುವೆ ಬೇಕು.

ಗಾಳಿಯನ್ನೂ ಕೇಳಬೇಕು. ಆಷಾಢದಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ, ಕಾರ್ತಿಕದಲ್ಲಿ ಈಶಾನ್ಯದಿಂದ. ಹಾಗಾಗಿ ಹತ್ತಿರದ ಮನೆಗಳು ಅಂಗಳದ ವಾಯವ್ಯಕ್ಕೋ ಆಗ್ನೇಯಕ್ಕೋ ಇರುವಂತೆ ಜಾಗವನ್ನು ಆರಿಸಿದರೆ ಎರಡು ಮಳೆಗಾಲದಲ್ಲೂ ಗಾಳಿ ಮನೆಯ ಮುಖಕ್ಕೆ ಹೊಡೆಯುವುದಿಲ್ಲ.

ರಾಶಿಯ ಒಳಗುಟ್ಟು ಸರಳವಾದದ್ದು. ರಾಶಿಯೊಳಗಿನ ಸೂಕ್ಷ್ಮಜೀವಿಗಳಿಗೆ ಸುಮಾರು ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣ ಎಲೆಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಹಸಿ ಹುಲ್ಲು, ಸೆಗಣಿಗಳಲ್ಲಿ ಸಾರಜನಕ ಹೆಚ್ಚು. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ಹುಲ್ಲು, ಮೇಲೆ ಸೆಗಣಿಯ ಬಗ್ಗಡ ಎಂಬ ಲೆಕ್ಕ ರೈತನಿಗೆ ಸಾಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ತೊಟ್ಟಿಕ್ಕುವಷ್ಟು ತೇವವಿರಬೇಕು. ಒಳಗಿನ ಬಿಸಿ 55ರಿಂದ 65 ಡಿಗ್ರಿಗೆ ಏರಬೇಕು; ಆ ಬಿಸಿಯನ್ನು ಹದಿನೈದು ದಿನ ಉಳಿಸಿಕೊಂಡು ಐದು ಸಲ ಮಗುಚಿದರೆ ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಪಾರ್ಥೇನಿಯಂ ಗಿಡವನ್ನಂತೂ ಹೂ ಬಿಡುವ ಮುನ್ನವೇ ಕಿತ್ತು ತರಬೇಕು. ನೀಲಗಿರಿ ಎಲೆ, ತೆಂಗಿನ ಗರಿಗಳು ನಿಧಾನವಾಗಿ ಕೊಳೆಯುವುದರಿಂದ ಅವಕ್ಕೆ ಬೇರೆ ರಾಶಿ ಹಾಕುವುದು ಮೇಲು. ಮಾಘದ ಒಣ ಎಲೆಯನ್ನು ತಂತಿಯ ಬೋನುಗಳಲ್ಲಿ ಮಳೆಯಿಂದ ಕಾಪಾಡಿ ಇಟ್ಟುಕೊಂಡರೆ, ಮಳೆಗಾಲದ ಹಸಿ ಹುಲ್ಲಿಗೆ ಜೋಡಿಯಾಗುತ್ತದೆ. ಒಣ ಎಲೆ ಕಾಯುತ್ತದೆ, ಹಸಿ ಹುಲ್ಲು ಕಾಯುವುದಿಲ್ಲ.

ನಾನು ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಶಾಲೆಯ ಹೊಂಗೆ ಮರಗಳ ಎಲೆಯನ್ನು ಮಕ್ಕಳು ಹೀಗೆಯೇ ಗುಂಡಿಗೆ ತುಂಬುತ್ತಿದ್ದರು. ಹಸು ಸಾಕಿದ್ದ ಪೋಷಕರೊಬ್ಬರು ಶನಿವಾರ ಒಂದು ಮಂಕರಿ ಸೆಗಣಿ ಕಳಿಸುತ್ತಿದ್ದರು. ಕೈತೋಟದ ಬದನೆ, ಅವರೆ, ಕನಕಾಂಬರಗಳಿಗೆ ಆ ಗೊಬ್ಬರವೇ ಸಾಕಾಗಿತ್ತು. ಅಂಗಡಿಯಿಂದ ಒಂದು ಮೂಟೆ ಗೊಬ್ಬರವನ್ನೂ ಶಾಲೆ ಕೊಳ್ಳಲಿಲ್ಲ.

ಬಾಗಿಲಿನ ಕಟ್ಟುನಿಟ್ಟು

ನೆಲ, ಇಳಿಜಾರು, ಗಾಳಿ ಎಲ್ಲಕ್ಕಿಂತ ದೊಡ್ಡದು ಬಾಗಿಲು. ಎಲೆಯ ಅಂಗಳವೊಂದು ಕಸದ ಗುಂಡಿಯಾಗುವುದು ಯಾರೂ ತೀರ್ಮಾನಿಸಿ ಅಲ್ಲ. ಒಂದು ದಿನ ಅಡುಗೆಯ ಕಸದ ಗಾಡಿ ಕೆಟ್ಟು ನಿಲ್ಲುತ್ತದೆ. ಇವತ್ತೊಂದು ದಿನ ಇಲ್ಲೇ ಸುರಿಯಿರಿ ಎನ್ನುತ್ತಾರೆ. ಮಾರನೆಯ ವಾರ ಕಲ್ಯಾಣಮಂಟಪದ ಎಂಜಲೆಲೆ, ಆಮೇಲೆ ಕೋಳಿಯಂಗಡಿಯ ಚೀಲ, ಆಮೇಲೆ ಮನೆ ಕೆಡವಿದ ಇಟ್ಟಿಗೆ. ಎಲೆಯ ಜೊತೆ ಬಂದ ಒಂದು ಪ್ಲಾಸ್ಟಿಕ್ ಚೀಲವನ್ನು ಆರಿಸುವುದು ಸುಲಭ. ಕತ್ತರಿಸುವ ಯಂತ್ರದಲ್ಲಿ ನೂರು ಚೂರಾದ ಮೇಲೆ ಆರಿಸುವುದು ಅಸಾಧ್ಯ. ಆ ಚೂರುಗಳಿರುವ ಗೊಬ್ಬರವನ್ನು ಹೊಸೂರಿನ ಗುಲಾಬಿ ತೋಟದವರೂ ಮುಟ್ಟುವುದಿಲ್ಲ, ರಾಗಿ ಬೆಳೆಯುವವರೂ ಮುಟ್ಟುವುದಿಲ್ಲ.

ಆದಕಾರಣ ಅಂಗಳಕ್ಕೆ ಒಂದೇ ಬಾಗಿಲು, ಬಾಗಿಲಲ್ಲಿ ಒಂದು ತಕ್ಕಡಿ, ಒಂದು ದಾಖಲೆ ಪುಸ್ತಕ, ಗಾಡಿಯನ್ನು ಹಿಂದಕ್ಕೆ ಕಳಿಸುವ ಅಧಿಕಾರವಿರುವ ಒಬ್ಬ ನೌಕರ ಇರಬೇಕು. ಅಧಿಕಾರವಿಲ್ಲದ ಕಾವಲುಗಾರ ಬೀಗವಿಲ್ಲದ ಬಾಗಿಲಿನಂತೆ. ನೆರೆಯ ಮನೆಗಳಿಂದ ಮೂವರು, ಪೌರಕಾರ್ಮಿಕರಿಂದ ಇಬ್ಬರು, ಹತ್ತಿರದ ಶಾಲೆಯಿಂದ ಒಬ್ಬರು ಇರುವ ಸಮಿತಿಯೊಂದು ತಿಂಗಳಿಗೊಮ್ಮೆ ಪುಸ್ತಕವನ್ನು ತೆರೆದು ನೋಡಬೇಕು. ವಾಸನೆಯ ದೂರು ಬಂದರೆ ಯಾವ ದಿನ, ಯಾವ ಹೊತ್ತು, ಯಾವ ಗಾಳಿ ಎಂದು ಬರೆಯಬೇಕು. ಎಲೆಯಲ್ಲದ್ದು ಮೂರು ಸಲ ಒಳಗೆ ಬಂದದ್ದು ಸಾಬೀತಾದರೆ ಅಂಗಳವನ್ನು ಮುಚ್ಚಿಸುವ ಹಕ್ಕು ಆ ಸಮಿತಿಗೆ ಮೊದಲೇ ಲಿಖಿತವಾಗಿ ಸಿಕ್ಕಿರಬೇಕು. ಬಾಯಿಮಾತಿನ ಭರವಸೆಗಳಿಂದ ಜನ ಬೇಸತ್ತಿದ್ದಾರೆ. ಮುಚ್ಚುವ ಹಕ್ಕು ಕೈಯಲ್ಲಿದ್ದರೆ ತೆರೆಯಲು ಒಪ್ಪುವವರು ಸಿಕ್ಕುತ್ತಾರೆ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಏನನ್ನು ಹಾಕಬಹುದು, ಏನನ್ನು ಹಾಕಬಾರದು ಎಂಬ ಫಲಕ ತಮಿಳಿನ ಜೊತೆಗೆ ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಇರಬೇಕು. ಜಾಗವನ್ನು ಗೊತ್ತುಮಾಡುವ ಮುನ್ನ ಕರೆಯುವ ಸಭೆಯ ತಿಳಿವಳಿಕೆಯೂ ಹಾಗೆಯೇ ಮನೆಮನೆಗೆ ಮುಟ್ಟಬೇಕು. ಇದನ್ನು ಭಾಷಾಭಿಮಾನದ ಬೇಡಿಕೆಯೆಂದು ಯಾರೂ ಭಾವಿಸಬಾರದು. ಫಲಕವನ್ನು ಓದಲಾರದ ಅಜ್ಜಿ ಸರಿಯಾದ ಬುಟ್ಟಿಗೆ ಎಲೆ ಹಾಕುವುದು ಹೇಗೆ? ತನ್ನ ಬೀದಿಯ ಪಕ್ಕ ಏನು ಬರಲಿದೆ ಎಂಬುದನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯುವುದು ಪ್ರತಿಯೊಬ್ಬ ನಿವಾಸಿಗೂ ಸಲ್ಲಬೇಕಾದ ಮರ್ಯಾದೆ.

ಕೆಲವು ಆಕ್ಷೇಪಗಳು

ಗೊಬ್ಬರ ಮಾರಿ ಖರ್ಚು ಹುಟ್ಟುತ್ತದೆಯೇ ಎಂದು ಕೇಳುವವರಿದ್ದಾರೆ. ಹುಟ್ಟುವುದಿಲ್ಲ ಎಂದೇ ಹೇಳುತ್ತೇನೆ. ಒಂದು ಟನ್ ಎಲೆಯಿಂದ ಸಿಕ್ಕುವ ಗೊಬ್ಬರ ಅರ್ಧ ಟನ್ನಿಗಿಂತ ಕಡಿಮೆ. ಅದರ ಬೆಲೆಯಿಂದ ಕೂಲಿ, ವಿದ್ಯುತ್ತು, ಯಂತ್ರದ ದುರಸ್ತಿ ಎಲ್ಲವನ್ನೂ ತೂಗಿಸಲಾಗದು. ಲಾಭ ಬರುತ್ತದೆಂದು ಆಸೆ ತೋರಿಸಿ ಗುತ್ತಿಗೆ ಕೊಟ್ಟರೆ, ಲಾಭ ಬಾರದ ದಿನ ಗುತ್ತಿಗೆದಾರರು ಬೀಗ ಹಾಕಿ ಹೋಗುತ್ತಾರೆ. ಉಳಿತಾಯ ಬೇರೆ ಕಡೆ ಇದೆ: ಸಾಗಣೆಯಲ್ಲಿ, ಭರ್ತಿಜಾಗದಲ್ಲಿ, ಊರಿನವರ ಶ್ವಾಸಕೋಶದಲ್ಲಿ. ದೀಪಕ್ಕೂ ನೀರಿಗೂ ಖರ್ಚು ಮಾಡುವಂತೆ ಇದಕ್ಕೂ ಆಯವ್ಯಯದಲ್ಲಿ ಹಣ ತೆಗೆದಿಡಬೇಕು. ಗೊಬ್ಬರದ ಮೊದಲ ಪಾಲು ನಗರದ ಉದ್ಯಾನಗಳಿಗೂ ಶಾಲೆಗಳಿಗೂ ಸಲ್ಲಲಿ; ಮಿಕ್ಕದ್ದನ್ನು ಪರೀಕ್ಷೆ ಮಾಡಿಸಿ ಹೂವಿನ ತೋಟದವರಿಗೆ ಮಾರಲಿ.

ಎರಡನೆಯ ಆಕ್ಷೇಪ ಹಾವು, ಬೆಂಕಿ, ಧೂಳಿನದು. ಇವು ನಿಜವಾದ ಭಯಗಳು. ಎತ್ತರದ ರಾಶಿ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳಬಹುದು. ಆದ್ದರಿಂದಲೇ ಒಂದೂವರೆ ಮೀಟರಿನ ಮಿತಿ, ಹತ್ತಿರದಲ್ಲೇ ನೀರಿನ ಕೊಳಾಯಿ. ಒಣ ರಾಶಿಯನ್ನು ಮಗುಚುವಾಗ ಏಳುವ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಗುಚುವ ಮುನ್ನ ನೀರು ಚಿಮುಕಿಸಬೇಕು, ಕೆಲಸಗಾರರಿಗೆ ಮುಖಗವಸು, ಕೈಗವಸು, ಬೂಟು ಕೊಡಬೇಕು, ಕೈಕಾಲು ತೊಳೆಯಲು ಜಾಗ ಬೇಕು. ಕಾಯಂ ನೌಕರಿ, ಸಮಯಕ್ಕೆ ಸಂಬಳ ಇಲ್ಲದವರಿಂದ ಯಂತ್ರದ ಮುಂದೆ ಎಚ್ಚರವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯದು, ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳ ವಾಟೆ, ಸಿಪ್ಪೆಗಳನ್ನೂ ಇಲ್ಲೇ ಕೊಳೆಸಬಾರದೇ ಎಂಬ ಸಲಹೆ. ಕೃಷ್ಣಗಿರಿ ಜಿಲ್ಲೆ ತೋತಾಪುರಿ ಮಾವಿಗೆ ಹೆಸರಾದ ಜಿಲ್ಲೆ. ಬೇಸಿಗೆಯಲ್ಲಿ ಆ ತ್ಯಾಜ್ಯ ರಾಶಿರಾಶಿಯಾಗಿ ಬರುತ್ತದೆ. ಅದು ಹುಳಿ, ಜಿಗುಟು, ಬಹಳ ನೀರು. ಅರ್ಧ ಎಕರೆಯ ಅಂಗಳವನ್ನು ಎರಡೇ ದಿನದಲ್ಲಿ ನಾರಿಸಿಬಿಡುತ್ತದೆ. ಅದಕ್ಕೆ ಕಾರ್ಖಾನೆಯವರೇ ತಮ್ಮ ಆವರಣದಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಬಾಗಿಲಿನ ನಿಯಮ ಒಮ್ಮೆ ದೊಡ್ಡವರಿಗಾಗಿ ಬಾಗಿದರೆ ಆಮೇಲೆ ಚಿಕ್ಕವರ ಮುಂದೆ ನೆಟ್ಟಗಾಗುವುದಿಲ್ಲ.

ಶಾಲೆಗಳ ಪಾಲು

ಪಾಲಿಕೆ ಇದನ್ನೆಲ್ಲ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮರಗಳಿರುವ ಪ್ರತಿ ಶಾಲೆಯೂ ತನ್ನ ಎಲೆಯನ್ನು ತನ್ನ ಆವರಣದಲ್ಲೇ ಗೊಬ್ಬರ ಮಾಡಿದರೆ ನಗರದ ಅಂಗಳಗಳ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ರಾಶಿಗೆ ಉಷ್ಣಮಾಪಕ ಚುಚ್ಚಿ ಅಂಕಿಗಳನ್ನು ಬರೆದು ರೇಖಾಪಟ ಬಿಡಿಸುವ ಹುಡುಗಿಗೆ ಗಣಿತ, ವಿಜ್ಞಾನ, ಪೌರನೀತಿ ಮೂರೂ ಒಂದೇ ಗುಂಡಿಯಲ್ಲಿ ದೊರೆಯುತ್ತವೆ. ನಮ್ಮ ಶಾಲೆ ಸುವರ್ಣ ಮಹೋತ್ಸವದ ನೆನಪಿಗೆ ಕಲ್ಲಿನ ಕಮಾನು ಕಟ್ಟಬೇಕೆಂದು ಕೆಲವು ಹಳೆಯ ವಿದ್ಯಾರ್ಥಿಗಳು ಆಸೆಪಟ್ಟಿದ್ದಾರೆ. ಅವರ ಪ್ರೀತಿಗೆ ನಾನು ಋಣಿ. ಅದರ ಹಣದಲ್ಲಿ ಒಂದಂಶವನ್ನು ತೆಗೆದು ನಾಲ್ಕು ಗಾಳಿತೊಟ್ಟಿ, ಒಂದು ಚಿಕ್ಕ ಕತ್ತರಿಸುವ ಯಂತ್ರ, ಒಂದು ತಕ್ಕಡಿಯನ್ನು ಕೊಡಿಸಿದರೆ, ಪಾಲಿಕೆಯವರನ್ನು ಕರೆದು, ನೋಡಿ, ನೂರು ಅಡಿ ದೂರದಲ್ಲಿ ಮಕ್ಕಳು ಪಾಠ ಓದುತ್ತಿದ್ದಾರೆ, ಯಾರೂ ಮೂಗು ಮುಚ್ಚಿಕೊಂಡಿಲ್ಲ ಎಂದು ತೋರಿಸುವುದಕ್ಕೆ ನಮಗೆ ಮುಖವಿರುತ್ತದೆ. ಲೇಖನದಿಂದ ಆಗದ ಕೆಲಸ ಅಂಥ ಒಂದು ತೊಟ್ಟಿಯಿಂದ ಆಗುತ್ತದೆ.

ಎಲೆ ಯಾವ ಮರದ ಬುಡದಲ್ಲಿ ಬಿದ್ದಿತೋ ಅಲ್ಲಿಗೇ ಮಣ್ಣಾಗಿ ಮರಳಬೇಕು. ನಮ್ಮ ಹೊರೆಯನ್ನು ಮಾತು ಬಾರದವರ ಹಳ್ಳಿಗೆ ಹೊರಿಸಬಾರದು. ಇಷ್ಟನ್ನು ಹೊಸೂರು ಮಾಡಿ ತೋರಿಸಿದರೆ ಕೃಷ್ಣಗಿರಿ, ಡೆಂಕಣಿಕೋಟೆಗಳೂ ಅನುಸರಿಸಿಯಾವು.  ಶತಮಾನೋತ್ಸವದ ಸಂಚಿಕೆಯನ್ನು ಓದುವ ಮಕ್ಕಳು ಹೊಗೆಯಿಲ್ಲದ ಬೆಳಗಿನಲ್ಲಿ ಕುಳಿತು ಓದಲಿ ಎಂದು ಹಾರೈಸುತ್ತೇನೆ.

— ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು